ಒಂದು ತೊಟ್ಟು ಎಣ್ಣೆಯ ಬೆನ್ನು ಹತ್ತಿ

ಕಾರಿನಿಂದ ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದು ಯಾವ ದೊಡ್ಡ ವಿಷಯ? ಎಣ್ಣೆ ಒಂದು ದ್ರವ. ದ್ರವ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕೆಳಗೆ ಬಿದ್ದ ತೊಟ್ಟಿನಿಂದ ಶುರುಮಾಡಿ ಮೇಲಕ್ಕೆ ನೋಡುತ್ತಾ ಹೋದರೆ ಸೋರುವ ಜಾಗ ಸಿಕ್ಕೇ ಸಿಗಬೇಕು. ಮೂವತ್ತೊಂದು ವರ್ಷ ಗಡಿಯ ಕನ್ನಡ ಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಹಿಂದೂಪುರದ ನಮ್ಮ ಮನೆಯ ಅಂಗಳದಲ್ಲಿ ಮೊದಲ ತೊಟ್ಟು ಕಂಡ ದಿನ ಹೆಂಡತಿ ಪಾರ್ವತಿಗೆ ಹೇಳಿದೆ, "ಅರ್ಧ ಗಂಟೆ ಕೆಲ್ಸ ಕಣೇ."

ಆ ಅರ್ಧ ಗಂಟೆ ಹತ್ತು ತಿಂಗಳು ನಡೆಯಿತು!

ಕಾರು ಎಂದರೆ ಎಲ್ಲರ ಮನೆ ಮುಂದೆ ನಿಲ್ಲುವಂಥ ಕಾರಲ್ಲ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಕೂತ ಕೆಂಪು ಸ್ಪೋರ್ಟ್ಸ್ ಕಾರು. ಸ್ವಿಚ್ ಒತ್ತಿದರೆ ಮುಂದಿನ ಎರಡು ದೀಪಗಳು ಕಪ್ಪೆಯ ಕಣ್ಣಿನಂತೆ ಮೇಲೇಳುತ್ತವೆ. ಹುಡುಗನಾಗಿದ್ದಾಗ ಒಂದು ಕ್ಯಾಲೆಂಡರಿನಲ್ಲಿ ಅಂಥ ಕಾರಿನ ಚಿತ್ರ ನೋಡಿದ್ದೆ. ನಿವೃತ್ತಿಯಾದ ವರ್ಷ ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ ಧೂಳು ಹೊದ್ದು ಮಲಗಿದ್ದ ಒಂದನ್ನು ಹುಡುಕಿ ತಂದೆ. ಇಡೀ ಜೀವನದಲ್ಲಿ ನನಗೆ ಅಂತಲೇ ನಾನು ಕೊಂಡ ವಸ್ತು ಅದೊಂದೇ. ಪಾರ್ವತಿಯ ಅಭಿಪ್ರಾಯ ಬೇರೆ ಇತ್ತು. "ಹತ್ತಾಕೆ ಮಕ್ಕಳ್ ಥರ ಅಂಬೆಗಾಲಿಡ್ಬೇಕು, ಇಳಿಯಾಕೆ ಇಬ್ರು ಎಳೀಬೇಕು. ಇದೊಂದು ಗಾಡೀನಾ?"

ಆ ವರ್ಷದ ಆಯುಧಪೂಜೆಯನ್ನು ನಾನು ಬಹಳ ಭಕ್ತಿಯಿಂದ ಮಾಡಿದೆ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ, ಬೂದುಗುಂಬಳ ಒಡೆದೆ. ಅಷ್ಟಕ್ಕೇ ಬಿಡುವ ಮನುಷ್ಯ ನಾನಲ್ಲ. ಬಾನೆಟ್ ಎತ್ತಿ ಎಂಜಿನ್ನಿಗೂ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಅರಿಶಿನದ ದಾರವನ್ನೂ ಕಟ್ಟಿದೆ. ವಾರ ಕಳೆಯುವುದರೊಳಗೆ ಅಂಗಳದಲ್ಲಿ ತೊಟ್ಟು ಬಿತ್ತು. ಅದೂ ಪಾರ್ವತಿ ದಿನಾ ಬೆಳಿಗ್ಗೆ ರಂಗೋಲಿ ಬಿಡುವ ಜಾಗದಲ್ಲೇ!

ಮೊದಲನೇ ಹಂತದ ತನಿಖೆಯನ್ನು ಸ್ವತಃ ನಾನೇ ಕೈಗೊಂಡೆ. ಹಳೇ ಪಂಚೆ ಉಟ್ಟು, ಟಾರ್ಚು ಹಿಡಿದು, ಕಾರಿನ ಕೆಳಗೆ ನುಸುಳಿದೆ. ತೊಟ್ಟಿನಿಂದ ಮೇಲಕ್ಕೆ ನೋಡಿದೆ. ಎಲ್ಲಾ ಕಡೆ ಎಣ್ಣೆ! ಫ್ಯಾನಿನ ಗಾಳಿಗೆ ಎಂಜಿನ್ನಿನ ಹಿಂದೆ, ಮುಂದೆ, ಪಕ್ಕ ಎಲ್ಲವೂ ಒದ್ದೆಯಾಗಿತ್ತು. ಯಾವುದು ಮೂಲ, ಯಾವುದು ಹರಿದು ಬಂದದ್ದು ಅಂತ ಯೋಚಿಸುತ್ತಿರುವಾಗ ಒಂದು ತೊಟ್ಟು ಸರಿಯಾಗಿ ನನ್ನ ಕನ್ನಡಕದ ಮೇಲೆ ಬಿತ್ತು. ಬೆಚ್ಚಿ ಎದ್ದೆ. ಹಣೆ ಹೋಗಿ ಕಬ್ಬಿಣಕ್ಕೆ ಬಡಿಯಿತು.

"ಏನ್ರೀ, ಸಿಕ್ತಾ?" ಎಂದಳು ಪಾರ್ವತಿ, ಹೊಸಿಲ ಮೇಲೆ ನಿಂತು.

"ಸಿಗ್ತದೆ."

"ನಿಮ್ ಹಣೇಲೂ ಸೋರ್ತೈತೆ, ಮೊದ್ಲು ಅದನ್ನ ಒರಸ್ಕೊಳ್ರಿ."

ಎರಡನೇ ಹಂತದ ತನಿಖೆಗೆ ತಜ್ಞರ ನೇಮಕವಾಯಿತು. ತಜ್ಞ ಎಂದರೆ ಬಾಷಾ. ನಮ್ಮ ರಸ್ತೆಯ ಕೊನೆಯಲ್ಲಿ ಅವನ ಗ್ಯಾರೇಜು. ಕೈಯಲ್ಲಿ ಕಸುಬು, ಮಾತಿನಲ್ಲಿ ಸಕ್ಕರೆ. ಈ ವಿದೇಶಿ ಗಾಡಿಗೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲವಾದ್ದರಿಂದ ಅವನೇ ಕಾರ್ಕ್ ಹಾಳೆ ತಂದು, ಅಳತೆ ತೆಗೆದು, ಕತ್ತರಿಸಿ, ಸಂದಿನಿಂದ ಎಣ್ಣೆ ಸೋರದಂತೆ ತಡೆಯುವ ಎಂಜಿನ್ನಿನ ಮೇಲಿನ ಗ್ಯಾಸ್ಕೆಟ್ ಮಾಡಿದ.

"ಇಂಕ ಏಂ ಪರ್ವಾಲೇದು ಸಾರ್, ಚಿಂತೆ ಬಿಡ್ರಿ. ಒಂದು ತೊಟ್ಟು ಬೀಳಾದಿಲ್ಲ. ನಿಮ್ ದೇವ್ರ ದಾರಾನೂ ಜಾಗ್ರತ್ತಗಾ ತೆಗ್ದಿಟ್ಟು, ಎಲ್ಲಿತ್ತೋ ಅಲ್ಲೇ ಕಟ್ಟಿವ್ನಿ."

ನನಗೆ ಕಣ್ಣು ತುಂಬಿ ಬಂತು. ಇಂಥ ಮೆಕ್ಯಾನಿಕ್ಕು ಯಾವ ಊರಿನಲ್ಲಿ ಸಿಗುತ್ತಾನೆ?

ಮಾರನೆಯ ಬೆಳಿಗ್ಗೆ ರಂಗೋಲಿಯ ನಡುವೆ ಮತ್ತೆ ತೊಟ್ಟು!

ಬಾಷಾ ಕೆಳಗಿನ ಗ್ಯಾಸ್ಕೆಟ್ ಬದಲಿಸಿದ. ತೊಟ್ಟು. ಆಯಿಲ್ ಸೀಲ್ ಬದಲಿಸಿದ. ತೊಟ್ಟು. ಎಂಜಿನ್ನನ್ನೇ ಇಳಿಸಿ, ಹಿಂದಿನ ಸೀಲೂ ಬದಲಿಸಿ, ಮತ್ತೆ ಏರಿಸಿದ. ಪ್ರತಿ ಸಲವೂ ದಾರವನ್ನು ಬಿಚ್ಚಿ ಕಣ್ಣಿಗೆ ಒತ್ತಿಕೊಂಡು, ಕೆಲಸ ಮುಗಿದ ಮೇಲೆ ಮೊದಲಿಗಿಂತ ಬಿಗಿಯಾಗಿ ಕಟ್ಟಿದ. ತೊಟ್ಟು, ತೊಟ್ಟು, ತೊಟ್ಟು. ಬಾಷಾನ ಮುಖ ನೋಡಲು ನನಗೆ ಸಂಕಟವಾಗತೊಡಗಿತು. ನನ್ನ ಮುಖ ನೋಡಲು ಅವನಿಗೂ ಹಾಗೇ ಆಗಿರಬೇಕು. ರಸ್ತೆಯಲ್ಲಿ ಎದುರಾದರೆ ಇಬ್ಬರೂ ಆಕಾಶ ನೋಡುತ್ತಿದ್ದೆವು.

ಕೊನೆಗೆ ಅವನೇ ಒಂದು ಉಪಾಯ ಹೇಳಿದ. ಎಂಜಿನ್ ತೊಳೆದು, ಒಣಗಿಸಿ, ಮೇಲೆಲ್ಲಾ ಬಿಳೀ ಪೌಡರ್ ಉದುರಿಸಬೇಕು. ಆಮೇಲೆ ಸ್ಟಾರ್ಟ್ ಮಾಡಿದರೆ ಮೊದಲು ಎಲ್ಲಿ ಒದ್ದೆಯಾಗುತ್ತದೋ ಅದೇ ಸೋರುವ ಜಾಗ. ಅಪ್ಪಟ ವಿಜ್ಞಾನ! ನಾನು ಬಾಷಾನಿಗೂ ಕಾಯದೆ ಪಾರ್ವತಿಯ ಗಂಧದ ಪೌಡರ್ ಡಬ್ಬಿ ಪೂರ್ತಿ ಸುರಿದೆ. ಸ್ಟಾರ್ಟ್ ಮಾಡಿ ಓಡಿ ಬಂದು ಬಗ್ಗಿ ನೋಡಿದೆ. ಅಷ್ಟರಲ್ಲಿ ಎಂಜಿನ್ ಬಿಸಿಯಾಗಿ ಫ್ಯಾನು ತಿರುಗಿತು. ಡಬ್ಬಿಯಷ್ಟೂ ಪೌಡರ್ ಎದ್ದು ನನ್ನ ಮೂಗು, ಬಾಯಿ, ಮೀಸೆ ಸೇರಿತು. ಎಂಜಿನ್ ಮೊದಲಿನಂತೆ ಕಪ್ಪಗೆ ನಿಂತಿತ್ತು.

ಒಳಗೆ ಹೋದೆ. ಪಾರ್ವತಿ ನನ್ನನ್ನು ನೋಡಿ ಕೈಯಲ್ಲಿದ್ದ ಸೌಟು ಬಿಟ್ಟಳು.

ಇಷ್ಟಾಗಿಯೂ ನನಗೆ ಬುದ್ಧಿ ಬರಲಿಲ್ಲ. ಶ್ರಾವಣದಲ್ಲಿ ಕಲ್ಯಾಣದುರ್ಗದಿಂದ ಪಾರ್ವತಿಯ ತಮ್ಮ ಮಲ್ಲಣ್ಣನ ಫೋನು ಬಂತು. ಕಡಲೆಕಾಯಿ ವ್ಯಾಪಾರದ ಮನುಷ್ಯ, ಹೊಸ ಮನೆ ಕಟ್ಟಿಸಿದ್ದ. ನನ್ನ ಕಾರಿನ ಮೇಲೆ ಮೊದಲಿನಿಂದಲೂ ಅವನಿಗೆ ಒಂದು ಕಣ್ಣು.

"ಬಾವಾ, ಗೃಹಪ್ರವೇಶಕ್ಕೆ ಕೆಂಪು ಗಾಡೀಲೇ ಬಂದ್ಬುಡ್ರಿ. ಪೋರ್ಟಿಕೋಗೆ ಹಾಲಿನಂಥ ಬಿಳೀ ಕಲ್ಲು ಹಾಕ್ಸಿವ್ನಿ. ಅದ್ರ ಮೇಲೆ ನಿಂತ್ರೆ ಬಲೇ ಉಂಟುಂದಿ, ಬಲು ಚೆಂದ ಕಾಣ್ತದೆ!"

ಪಾರ್ವತಿ ಪಕ್ಕದಿಂದಲೇ ಕೂಗಿದಳು, "ಬ್ಯಾಡ ಕಣ್ಲಾ ಮಲ್ಲ! ಕಲ್ಲೆಲ್ಲಾ ಎಣ್ಣೆ ಆಯ್ತದೆ!"

ನನಗೆ ಅವಮಾನವಾಯಿತು. ಸಿಟ್ಟೂ ಬಂತು. ಸಿಟ್ಟಿನಲ್ಲಿ ಮನುಷ್ಯ ಫೋನ್ ಹಿಡಿಯಬಾರದು. "ನೋಡಪ್ಪ ಮಲ್ಲಣ್ಣ, ನಿನ್ ಕಲ್ಲಿನ ಮೇಲೆ ಒಂದೇ ಒಂದು ತೊಟ್ಟು ಬಿದ್ರೆ ಗಾಡಿ ನಿಂಗೇ ಬಿಟ್ಟು ಬಸ್ಸಲ್ಲಿ ವಾಪಸ್ ಬತ್ತೀನಿ!"

ಮಲ್ಲಣ್ಣ ಮೆಲ್ಲಗೆ ಕೇಳಿದ, "ಮಾತು ಅಂದ್ರೆ ಮಾತು ತಾನೇ ಬಾವಾ?"

ಹೊರಟೆವು. ಮಡಕಶಿರಾದಲ್ಲಿ ಒಮ್ಮೆ ಎಂಜಿನ್ನಿಗೆ ಎಣ್ಣೆ ಹಾಕಿದೆ, ಪಾವಗಡದಲ್ಲಿ ಇನ್ನೊಮ್ಮೆ. ದೇವರ ದಾರವನ್ನು ಬಾಷಾನಿಂದ ಕಲಿತ ಹಾಗೆ ಕಣ್ಣಿಗೆ ಒತ್ತಿಕೊಂಡು ಸ್ವಸ್ಥಾನದಲ್ಲಿಟ್ಟೆ. ಕಲ್ಯಾಣದುರ್ಗದ ಅಂಗಡಿ ಬೀದಿಯಲ್ಲಿ ಗುಟ್ಟಾಗಿ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬು ಕೊಂಡೆ. ಪೋರ್ಟಿಕೋದಲ್ಲಿ ಗಾಡಿ ನಿಲ್ಲಿಸಿದ ಕ್ಷಣವೇ, ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ, ಟಬ್ಬನ್ನು ಕೆಳಗೆ ತಳ್ಳಿದೆ. ಮಲ್ಲಣ್ಣ ಬಗ್ಗಿ ಬಗ್ಗಿ ಕಲ್ಲು ನೋಡಿದ. ಕಲ್ಲು ಹಾಲಿನಂತೆಯೇ ಇತ್ತು. ನಾನು ಮೀಸೆ ತಿರುವಿ ಪೂಜೆಗೆ ಹೋಗಿ ಕೂತೆ. ಹತ್ತು ತಿಂಗಳಲ್ಲಿ ನೆಮ್ಮದಿಯಿಂದ ಉಸಿರಾಡಿದ್ದು ಆ ಒಂದು ಗಂಟೆ ಮಾತ್ರ.

ಅಕ್ಕಿ ತೊಳೆಯಲು ಪಾತ್ರೆ ಸಾಲದೆ ಅಡುಗೆಯವನು ಮನೆಯೆಲ್ಲಾ ಹುಡುಕಿದನಂತೆ. ಕಾರಿನ ಕೆಳಗೆ ಹೊಸ ಟಬ್ಬು ಕಂಡಿತಂತೆ. ಒಳಗೇನಿದೆ ಎಂದು ನೋಡದೆ ಅವಸರದಲ್ಲಿ ದರದರ ಎಳೆದುಬಿಟ್ಟ. ಅದು ಮಗುಚಿತು. ಒಂದು ತೊಟ್ಟಲ್ಲ, ಒಂದು ಗಂಟೆಯ ಅಷ್ಟೂ ತೊಟ್ಟುಗಳು ಒಟ್ಟಿಗೆ ಬಿಳೀ ಕಲ್ಲಿನ ಮೇಲೆ ಹರಡಿ, ರಂಗೋಲಿ ದಾಟಿ, ಹೊಸಿಲಿಗೆ ಇಟ್ಟ ಅರಿಶಿನದವರೆಗೂ ಬಂದವು!

ಬಂದಿದ್ದ ನೆಂಟರೆಲ್ಲಾ ನೋಡುತ್ತಿದ್ದರು. ಮಲ್ಲಣ್ಣ ಒಮ್ಮೆ ಕಲ್ಲು ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಬೈದಿದ್ದರೆ ಸಹಿಸಬಹುದಿತ್ತು. ನಾನು ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟೆ. ಆ ಕ್ಯಾಲೆಂಡರಿನ ಚಿತ್ರ ನೋಡಿದ ಹುಡುಗ ಎಲ್ಲಾದರೂ ನಿಂತು ನೋಡುತ್ತಿದ್ದರೆ ನನಗೆ ಎರಡು ಬಾರಿಸುತ್ತಿದ್ದ.

ಅಷ್ಟರಲ್ಲಿ ನಮ್ಮ ಅತ್ತೆ, ಅಂದರೆ ಪಾರ್ವತಿಯ ತಾಯಿ, ಹೊರಗೆ ಬಂದರು. ಬೆಳಗಿನಿಂದ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತವರು. ಎಲ್ಲಾ ದೃಷ್ಟಿಯ ಕಾಟ, ಗಾಡಿಗೆ ದೃಷ್ಟಿ ತೆಗೆಯುತ್ತೇನೆ, ಬಾನೆಟ್ ಎತ್ತಿ ಎಂದರು. ಎತ್ತಿದೆವು. ಆಕೆ ಬಗ್ಗಿ ಒಂದು ಸಲ ನೋಡಿದರು. ಒಂದೇ ಸಲ.

"ಇದ್ಯಾವ ಬುದ್ಧಿವಂತ ಇಲ್ಲಿ ಬತ್ತಿ ಇಟ್ಟೋನು?"

"ಬತ್ತಿ ಅಲ್ಲ ಅತ್ತೆ, ದೇವ್ರ ದಾರ" ಎಂದೆ.

"ದಾರ ಆಗ್ಲಿ ಏನೇ ಆಗ್ಲಿ ಅಳಿಯಂದ್ರೇ. ಒಂದು ತುದಿ ಒಳ್ಗೆ ಎಣ್ಣೇಲಿ ಐತೆ, ಇನ್ನೊಂದು ಆಚೆಗೆ ಜೋತ್ಬಿದ್ದೈತೆ. ಎಣ್ಣೆ ಬರ್ದೆ ಇನ್ನೇನ್ ಬತ್ತದೆ?"

ಎಲ್ಲರೂ ಬಗ್ಗಿ ನೋಡಿದೆವು. ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿಗೆ ಸುತ್ತಿದ ದಾರ. ಅದರ ಮೇಲೆಯೇ ಮುಚ್ಚಳ. ಆ ಸಂದಿನಿಂದ ದಾರದ ತುದಿ ಹೊರಗೆ ಇಳಿಬಿದ್ದು ತೊಟ್ಟಿಕ್ಕುತ್ತಿತ್ತು. ಪಾರ್ವತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಇದು ಹೋದ ಆಯುಧಪೂಜೇಲಿ ನೀವೇ ಕಟ್ಟಿದ್ದಲ್ವೇನ್ರೀ?"

ಎಣ್ಣೆಯು ಬತ್ತಿಯ ಮೂಲಕ ಏರುವುದೇಕೆ? ಈ ಪ್ರಶ್ನೆಯನ್ನು ಮೂವತ್ತೊಂದು ವರ್ಷ ನಾನು ಪರೀಕ್ಷೆಗೆ ಕೊಟ್ಟಿದ್ದೇನೆ. ದೀಪದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದಿದ್ದೇನೆ. ಎಷ್ಟು ಮಕ್ಕಳಿಗೆ ಸೊನ್ನೆ ಕೊಟ್ಟು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ, ಅವರೆಲ್ಲಾ ನನ್ನನ್ನು ಕ್ಷಮಿಸಲಿ.

ದಾರ ಕತ್ತರಿಸಿ, ಮುಚ್ಚಳ ಬಿಗಿದು, ಎಂಜಿನ್ ಒರೆಸಿ, ಅರ್ಧ ಗಂಟೆ ಓಡಿಸಿದೆವು. ಕೆಳಗೆ ಹಾಸಿದ ಕಾಗದ ಒಣಗಿಯೇ ಇತ್ತು. ಹೌದು, ಅರ್ಧ ಗಂಟೆಯ ಕೆಲಸವೇ! ಸಂತೋಷ ತಡೆಯಲಾರದೆ ಮಲ್ಲಣ್ಣನ ಮುಂದೆ ಕೈ ಚಾಚಿದೆ. ಅವನು ಕೀಯನ್ನು ಜೇಬಿನ ತಳಕ್ಕೆ ಇಳಿಸಿದ.

"ಮಾತು ಅಂದ್ರೆ ಮಾತು ಬಾವಾ. ಬನ್ರಿ, ಬಸ್ ಸ್ಟ್ಯಾಂಡ್ ತಾವ ಗಾಡೀಲೇ ಬಿಟ್ಟು ಬತ್ತೀನಿ."

ಎರಡೇ ಸೀಟು. ಪಾರ್ವತಿ ಅವನ ಪಕ್ಕ ಕೂತಳು. ನಾನು ಹಿಂದೆ ಆಟೋದಲ್ಲಿ ಹೋದೆ.

ಈ ಸಲದ ಆಯುಧಪೂಜೆಗೆ ಮಲ್ಲಣ್ಣ ತಪ್ಪದೆ ಕರೆದ. ಹೋದೆ. ಒಂದು ಸುತ್ತು ಓಡಿಸಲು ಕೊಟ್ಟಾನು ಎಂಬ ಆಸೆ ಇತ್ತು. ನನ್ನನ್ನು ಪೋರ್ಟಿಕೋದ ಆಚೆ, ಗೇಟಿನ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಪೂಜೆ ಮುಗಿದ ಮೇಲೆ ಅತ್ತೆ ಅರಿಶಿನದ ದಾರ ಹಿಡಿದು ನೇರವಾಗಿ ನನ್ನ ಹತ್ತಿರ ಬಂದರು.

"ಕೈ ಕೊಡ್ರಿ ಅಳಿಯಂದ್ರೇ. ಈ ಸಲ ನಿಮ್ಗೇ ಕಟ್ಬುಡಾನ. ಸೋರೋದಿದ್ರೆ ಇಲ್ಲೇ ಸೋರ್ಲಿ."

ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ದಾರ ಇನ್ನೂ ಮಣಿಕಟ್ಟಿನಲ್ಲೇ ಇದೆ. ಇಲ್ಲಿಯವರೆಗೆ ಏನೂ ಸೋರಿಲ್ಲ. ಸೋರಬೇಕಾದರೆ ಒಳಗೆ ಏನಾದರೂ ಇರಬೇಕಲ್ಲ!