ತಲೆಕೆಳಗಾದ ಹಂಸಗಳು

ನಮ್ಮ ಮನೆಯವರಿಗೆ ದಾವಣಗೆರೆಯಲ್ಲಿ ಜವಳಿ ಅಂಗಡಿ. ಅದರಿಂದ ಅನ್ನಕ್ಕೆ ಕೊರತೆಯಾಗಿಲ್ಲ, ಭಕ್ತಿಗೆ ಆಗಿದೆ. ಯಾವ ಪೌರಾಣಿಕ ಚಿತ್ರಕ್ಕೆ ಹೋದರೂ ಅವರ ಕಣ್ಣಿಗೆ ದೇವರು ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ಕಳೆದ ಸಲ ಇಂದ್ರ ಸಭೆಗೆ ಬಂದಾಗ, "ಅದು ಪೀತಾಂಬರ ಅಲ್ಲ, ಗಾದಿ ಬಟ್ಟೆ. ಆ ಪಟ್ಟೆ ನಾನು ದಿನಾ ಹರೀತೀನಿ" ಎಂದರು. ಇಡೀ ಟಾಕೀಸು ನಕ್ಕಿತು. ಮುಗಿದ ಕೈಗಳನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.

ಈ ಸಲ ಶಿವಪಾರ್ವತಿಯರ ಚಿತ್ರ. ಅತ್ತೆ ಗುರುಶಾಂತಮ್ಮನವರು ನೋಡಲೇಬೇಕೆಂದರು. ನಮ್ಮನ್ನು ಬಲ್ಲವರಿಲ್ಲದ ಹರಿಹರದ ಟೆಂಟಿಗೆ ಹೋಗುವುದೆಂದು ನಾನೇ ನಿಶ್ಚಯಿಸಿದೆ. ಹೊರಡುವ ಮುಂಚೆ ಮನೆಯವರನ್ನು ದೇವರ ಕೋಣೆಗೆ ಕರೆದು, ವಿಭೂತಿ ಮುಟ್ಟಿಸಿ ಮಾತು ತೆಗೆದುಕೊಂಡೆ.

"ಬಟ್ಟೆ ಮಾತು ಎತ್ತಂಗಿಲ್ಲ ನೋಡ್ರಿ."

"ಎತ್ತಲ್ಲ ಬಿಡೇ. ದೇವ್ರು ಗೋಣಿಚೀಲ ಉಟ್ಕಂಡು ಬಂದ್ರೂ ಕೈ ಮುಗೀತೀನಿ."

"ನಿನ್ನಂಥೋರಿಂದ್ಲೇ ಮಳೆ ಹಿಂದಾಗೈತೆ" ಎಂದರು ಅತ್ತೆ.

ಟೆಂಟಿನಲ್ಲಿ ಅತ್ತೆ ಚಪ್ಪಲಿ ಹೊರಗೇ ಬಿಟ್ಟು ಕೂತರು. ಕೈಲಾಸ ಮೂಡಿತು, ಎಲ್ಲರೂ ಕೈ ಮುಗಿದೆವು. ಗಿರಿಜೆ ತಪಸ್ಸು ಮುಗಿಸಿ, ಮದುವೆಯ ಸೀರೆಯುಟ್ಟು ಬಂದಳು. ಮನೆಯವರು ಒಮ್ಮೆ ನೋಡಿ, ತುಟಿ ಬಿಗಿದು ತಲೆ ತಗ್ಗಿಸಿದರು. ನಾನೂ ನೋಡಿದೆ. ಕಪ್ಪುಬಿಳುಪು ಚಿತ್ರದಲ್ಲಿ ಬಣ್ಣ ತಿಳಿಯದಿರಬಹುದು, ಅಂಚು ತಿಳಿಯುತ್ತದೆ. ಅಂಚಿನ ತುಂಬ ಹಂಸಗಳು, ಎಲ್ಲವೂ ತಲೆಕೆಳಗು.

ಸೋಮವಾರ ಮಲೆಬೆನ್ನೂರಿನಲ್ಲಿ ನನ್ನ ತಂಗಿಯ ಮದುವೆ. ಅದಕ್ಕೆಂದು ಇವರು ತಂದುಕೊಟ್ಟ ಸೀರೆಯ ಮೇಲೂ ಅವೇ ಹಂಸಗಳು. (ಅಚ್ಚು ತಪ್ಪಿದೆಯಲ್ಲ ಎಂದು ಕೇಳಿದ್ದಕ್ಕೆ, ಅದೇ ಹೊಸ ಫ್ಯಾಷನ್, ಇಂಥದು ಲೋಕಕ್ಕೇ ಒಂದು ಎಂದಿದ್ದರು.)

"ಅತ್ತೀ, ಅದು ನನ್ನ ಸೀರೆ" ಎಂದೆ. ಮೆಲ್ಲಗೆ ಹೇಳಿದೆನೆಂದುಕೊಂಡಿದ್ದೆ. ಮಷೀನು ಓಡಿಸುವವನೂ ಕಿಂಡಿಯಿಂದ ಇಣುಕಿದ.

ಅತ್ತೆ ಪರದೆಯನ್ನು ನೋಡಿ, ನನ್ನನ್ನು ನೋಡಿ, "ಹೌದಲ್ಲೇ" ಎಂದರು. ಮಗನಿಗೆ ಬೈಗುಳ ಬೀಳುತ್ತದೆಂದು ಕಾದೆ. ಆದರೆ ಪಾರ್ವತಿ ತಾಯಿ ಮಿಲ್ಲಿನ ಸೀರೆ ಉಟ್ಟಿದ್ದಾಳೆಂದು ಅವರಿಗೆ ಹೊಳೆಯಲೇ ಇಲ್ಲ. ತಾಯಿಯ ಸೀರೆ ನಮ್ಮ ಟ್ರಂಕಿನಲ್ಲಿದೆ ಎಂದು ಹೊಳೆಯಿತು.

ಅತ್ತೆ ಮನೆಗೆ ಬಂದವರೇ ಕಾಲು ತೊಳೆದು, ಸೀರೆಯನ್ನು ದೇವರ ಕೋಣೆಯ ಮಣೆಯ ಮೇಲಿಟ್ಟು ಹೂವೇರಿಸಿದರು. ಮರುದಿನ ಓಣಿಯ ಹೆಂಗಸರು ಕುಂಕುಮ ಹಿಡಿದು ಬಂದರು. ಪಕ್ಕದ ಮನೆಯ ನೀಲಕ್ಕ ಅಂಚನ್ನು ಕಣ್ಣಿಗೊತ್ತಿಕೊಂಡು, "ಹಂಸ ಕೆಳಗ ಯಾಕ ಮಾರಿ ಮಾಡ್ಯಾವ?" ಎಂದಳು.

"ಕೈಲಾಸದಿಂದ ನಮ್ಮನ್ನ ನೋಡ್ತಾವವ್ವ" ಎಂದರು ಅತ್ತೆ.

"ಅತ್ತೀ, ಸೋಮವಾರ ಮದುವಿಗೆ ಉಡಾಕೆ..."

"ದೇವಿ ಸೀರೆ ಉಟ್ಕಂಡು ಪಂಕ್ತಿಯಾಗ ಸಾರು ಚೆಲ್ಕಂತೀಯೇನೆ?"

ನಾನು ಮನೆಯವರ ಕಡೆ ತಿರುಗಿದೆ. "ನೀವಾದ್ರೂ ಹೇಳ್ರಿ, ಅದು ನಮ್ಮ ಅಂಗಡಿ ಮಾಲು ಅಂತ."

ಅವರು ಮಣೆಯ ಮುಂದೆ ನಿಂತು ಕೈ ಮುಗಿದರು. ಅಂಥ ಭಕ್ತಿಯನ್ನು ನಾನು ಅವರಲ್ಲಿ ಕಂಡಿರಲಿಲ್ಲ.

"ವಿಭೂತಿ ಮುಟ್ಟೀನಿ" ಎಂದರು. "ಬಟ್ಟೆ ಮಾತು ಎತ್ತಂಗಿಲ್ಲ."