ಮೂರು ಸರ್ವರಿಗೆ ಒಂದೇ ಸ್ವಿಚ್ಚು

ಹೇಳಿದ್ದನ್ನೇ ಮೂರು ಸಲ ಹೇಳುವ ಕೆಟ್ಟ ಅಭ್ಯಾಸ ನನಗಿದೆ. "ಒಂದ್ಸಲ ಹೇಳಿದ್ರೆ ಸಾಕು ಕಣೇ, ನಾನೇನು ಕಿವುಡನಾ?" ಎಂದು ಯಜಮಾನರು ರೇಗುತ್ತಾರೆ. ತಪ್ಪು ನನ್ನದಲ್ಲ, ಉದ್ಯೋಗದ್ದು. ಹಾಸನದ ಒಂದು ಖಾಸಗಿ ಡೈರಿಯ ಸರ್ವರ್ ಕೋಣೆ ನನ್ನ ಸುಪರ್ದಿನಲ್ಲಿದೆ. ಅಲ್ಲಿರುವ ಮೂರು ಸರ್ವರುಗಳಿಗೆ ನಾವಿಟ್ಟ ಹೆಸರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಒಮ್ಮೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ "ಅರಕಲಗೂಡು ಪೂರ್ತಿ ಹೋಯ್ತು, ಚನ್ನರಾಯಪಟ್ಟಣಾನೂ ಈಗಲೋ ಆಗಲೋ ಅನ್ನೋ ಹಾಗಿದೆ" ಎಂದೆ. ಪಕ್ಕದ ಅಜ್ಜಿ ಗಾಬರಿಬಿದ್ದು ಅರಕಲಗೂಡಿನ ಮಗಳಿಗೆ ಫೋನ್ ಹಚ್ಚಿಸಿದರು.

ಒಂದೊಂದು ಸರ್ವರಿನ ಹೊಟ್ಟೆಯಲ್ಲೂ ಕಣ್ಣಿಗೆ ಕಾಣದ ಹತ್ತಾರು ಕಂಪ್ಯೂಟರುಗಳಿವೆ; ಭಾರ ಹೆಚ್ಚಾದರೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತವೆ. ಅವು ಹೊರಗಿನವರೊಡನೆ ಮಾತಾಡಲು ಒಂದು ಸ್ವಿಚ್ಚು ಬೇಕು; ದೀಪದ್ದಲ್ಲ, ಮಾತನ್ನು ಅತ್ತಿತ್ತ ದಾಟಿಸುವಂಥದ್ದು, ಅದೂ ಕಾಣದ್ದೇ. ಹಳೆಯದಕ್ಕೆ ಸ್ಟ್ಯಾಂಡರ್ಡ್ ಸ್ವಿಚ್ ಎನ್ನುತ್ತಾರೆ. ಅದು ಸರ್ವರಿಗೊಂದು, ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಗೊತ್ತಾಗದು. ಹೊಸ ಜಾಲ, ಅಂದರೆ ನೆಟ್‌ವರ್ಕ್, ಬಂತೆಂದರೆ ಅದರ ಸಂಖ್ಯೆಯನ್ನು ಮೂರೂ ಕಡೆ ಬೇರೆ ಬೇರೆಯಾಗಿ ಹೇಳಬೇಕು. ಒಮ್ಮೆ ಎರಡಕ್ಕೆ ಹೇಳಿ, ಕಾಫಿಗೆ ಎದ್ದುಹೋಗಿ, ಮೂರನೆಯದನ್ನು ಮರೆತೆ. ಹಾಲಿನ ಲೆಕ್ಕ ಇಟ್ಟು ಊರೂರಿಗೆ ಚೀಟಿ ಕಳಿಸುವ ಕಂಪ್ಯೂಟರು ಮಧ್ಯಾಹ್ನ ಆ ಮೂರನೆಯ ಸರ್ವರಿಗೆ ಹೋಗಿ ಕೂತದ್ದೇ ತಡ, ಮೂಕವಾಯಿತು.

ಹೋದ ವರ್ಷ ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಬಂತು. ಮೂರೂ ಸರ್ವರುಗಳ ಮೇಲೆ ಹರಡಿಕೊಂಡ ಒಂದೇ ಸ್ವಿಚ್ಚು ಅದು. ಅದನ್ನಾಳುವ ಕೇಂದ್ರ ಕಂಪ್ಯೂಟರಿನಲ್ಲಿ ಒಮ್ಮೆ ಹೇಳಿದರೆ ಮೂರಕ್ಕೂ ತಲುಪುತ್ತದೆ. ಕಂಪ್ಯೂಟರು ಸರ್ವರು ಬದಲಿಸಿದರೆ ಅದರ ಕಟ್ಟುಪಾಡುಗಳೆಲ್ಲ ಗಂಟುಮೂಟೆ ಸಮೇತ ಹಿಂದೆಯೇ ಹೋಗುತ್ತವೆ. ಆ ಕೇಂದ್ರ ಕಂಪ್ಯೂಟರೇ ಕೆಟ್ಟು ಕೂತರೂ, ಮೊದಲು ಹೇಳಿದ್ದನ್ನು ನೆನಪಿಟ್ಟುಕೊಂಡು ತನ್ನ ಪಾಡಿಗೆ ತಾನು ದುಡಿಯುತ್ತದೆ. ಮೊದಲ ಸಲ ಕಂಡಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಹಾಲಿನ ಕೇಂದ್ರಗಳಿಗೆಲ್ಲ ಫೋನ್ ಮಾಡಿ, ಹೊಸ ಮಿಷನ್ ಬರುತ್ತಿದೆ ಎಂದು ಡಂಗುರ ಸಾರಿದೆ.

ಹಾಲಿನ ಜಾಲವನ್ನು ಹೊಸ ಸ್ವಿಚ್ಚಿಗೆ ಒಪ್ಪಿಸುವ ದಿನ ಸೋಮವಾರ. ಏಳೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಮುಗಿಸೋಣವೆಂದು ಬೆಳಿಗ್ಗೆ ಆರೂವರೆಗೇ ಕೂತೆ. ರಾಹುವನ್ನು ತಪ್ಪಿಸುವ ಭರದಲ್ಲಿ, ಊರೂರಿನವರು ಹಾಲು ತಂದು ಹಾಕುವ ಹೊತ್ತೂ ಅದೇ ಎಂಬುದು ಹೊಳೆಯಲೇ ಇಲ್ಲ. ಭಕ್ತಿ ಹೆಚ್ಚಾಯಿತೋ ಏನೋ, ಹಾಲಿನ ಜಾಲಕ್ಕೆ ಕಾವಲು ಕ್ಯಾಮೆರಾಗಳ ಜಾಲದ ಸಂಖ್ಯೆ ಕೊಟ್ಟೆ. ಮೂರೂ ಸರ್ವರುಗಳು ಚಾಚೂ ತಪ್ಪದೆ ಪಾಲಿಸಿದವು.

ಕಟ್ಟಾಯದ ಹಾಲಿನ ಕೇಂದ್ರ ನೋಡಿಕೊಳ್ಳುವ ಕೆಂಪಮ್ಮನ ಫೋನು ಬಂತು. "ಮೇಡಮ್ಮೋರೆ, ಚೀಟಿ ಬತ್ತಾ ಇಲ್ಲ. ಚೀಟಿ ಇಲ್ದೆ ಆಲು ಉಯ್ಯಕಿಲ್ಲ ಅಂತ ಜನ ಕ್ಯಾನು ಇಡ್ಕಂಡು ನಿಂತವ್ರೆ. ಶಾಂತಿಗ್ರಾಮದಲ್ಲೂ ಇಂಗೇ ಅಂತೆ. ಬಿಸ್ಲು ಏರ್ತಾ ಅದೆ, ಆಲು ಒಡ್ದೋದ್ರೆ ನನ್ನ ಸುಮ್ಕೆ ಬುಟ್ಟಾರಾ?"

ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಹತ್ತು ನಿಮಿಷ ಅಲ್ಲಿ ಇಲ್ಲಿ ತಡಕಾಡಿ, ಕೊನೆಗೆ ತಪ್ಪು ಸಂಖ್ಯೆ ಕಣ್ಣಿಗೆ ಬಿದ್ದು, ತಿದ್ದಿದೆ. ತಿದ್ದಿದ್ದೂ ಒಂದೇ ಸಲ. ರೆಪ್ಪೆ ಬಡಿಯುವಷ್ಟರಲ್ಲಿ ಅಷ್ಟೂ ಕೇಂದ್ರಗಳಲ್ಲಿ ಚೀಟಿ ಹೊರಬಂತು. ಇಷ್ಟು ಊರುಗಳ ಹಾಲನ್ನು ನಿಲ್ಲಿಸಿ ಮತ್ತೆ ಹರಿಸಿದ ಆ ಶಕ್ತಿಗೆ ಮೈ ಜುಮ್ಮೆಂದು, ಎದ್ದು ನಿಂತು ಕೈಮುಗಿದೆ.

"ಬಂತು ಕಣ್ರಮ್ಮ! ಒಂದ್ ತೊಟ್ಟೂ ಕೆಡ್ನಿಲ್ಲ," ಎಂದರು ಕೆಂಪಮ್ಮ. "ಏನಾಗಿತ್ತು?" ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿದರು: "ಆ ಒಸಾ ಮಿಷನ್ದೇ ತಪ್ಪು ಬುಡಿ. ನೀವು ಇದ್ದೊತ್ಗೆ ಸರಿ ಓಯ್ತು."

ಮುಗಿದ ಕೈ ಇನ್ನೂ ಇಳಿಸಿರಲಿಲ್ಲ. "ಹೌದು ಕೆಂಪಮ್ಮ," ಎಂದೆ, "ಹೊಸದಲ್ವಾ, ಇನ್ನೂ ಪಳಗಿಲ್ಲ."