ಕಾಂತಕ್ಷೇತ್ರದ ಗಂಡು

ನನ್ನ ಕೆಲಸ ಏನೆಂದು ಬಾಯಿಬಿಟ್ಟಾಗಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತಿತ್ತು. ಭೂಮಿಯ ಸುತ್ತ ಅದರದೇ ಕಾಂತಕ್ಷೇತ್ರವಿದೆ. ಸೂರ್ಯನಿಂದ ಹೊರಟ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಗಾಳಿ, ಅದರ ಹೊರಗಡಿಗೆ ಬಂದು ಬಡಿದರೆ ಏನಾಗುತ್ತದೆಂದು ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು. ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಹೆಣ್ಣು ಹುಡುಕುತ್ತಿದ್ದರು. ವಯಸ್ಸು ಮೂವತ್ತೈದು ದಾಟಿತ್ತು, ಮದುವೆಯ ಆಸೆ ಅಮ್ಮನಿಗಿಂತ ನನಗೇ ಹೆಚ್ಚಿತ್ತು. ಆದರೆ ಕನ್ನಡದವರ ಮನೆಯಲ್ಲಿ ವಿಜ್ಞಾನವನ್ನು ಕನ್ನಡದಲ್ಲೇ ಹೇಳಬೇಕೆಂಬ ಹಟವೂ ಇತ್ತು.

೧. ಗಡಿ

ಜೀವನ್ ಬಿಮಾ ನಗರದ ಮನೆ. ಹುಡುಗಿಯ ತಂದೆ ಕೇಳಿದರು, "ಏನ್ ಕೆಲಸ ಮಾಡ್ತೀರಿ?"

"ಭೂಮಿಯ ಕಾಂತಕ್ಷೇತ್ರದ ಗಡೀಲಿ ಏನೇನಾಗುತ್ತೆ ಅಂತ ನೋಡ್ತಿರ್ತೀನಿ ಸಾರ್."

ಅವರಿಗೆ ಕೇಳಿಸಿದ್ದು ಗಡಿ ಮಾತ್ರ. ನೆಟ್ಟಗೆ ಕೂತರು. "ಓ, ಮಿಲಿಟರಿ. ದಾಳಿ ಗೀಳಿ ಆಗುತ್ತಾ?"

"ದಿನಾ ಆಗುತ್ತೆ. ಜೋರಾಗಿದ್ರೆ ಗಡಿ ಒಳಗ್ ಸರಿಯುತ್ತೆ. ಕಮ್ಮಿ ಆದ್ಮೇಲೆ ತಾನಾಗೇ ಹೊರಗ್ ಹೋಗುತ್ತೆ."

"ಪೇಪರಲ್ಲಿ ಬರ್ಲೇ ಇಲ್ವಲ್ರೀ. ಎಷ್ಟು ದೂರ ಅದು?"

"ಸುಮಾರು ಅರವತ್ತು ಸಾವಿರ ಕಿಲೋಮೀಟರು."

ಅವರು ಕಾಫಿ ಲೋಟ ಕೆಳಗಿಟ್ಟರು. "ಬೇಜಾರ್ ಮಾಡ್ಕೋಬೇಡಿ. ನಾವು ಹುಡುಗೀನ ಕೆ.ಆರ್. ಪುರದ ಆಚೆಗೇ ಕೊಡಲ್ಲ ಅಂತಿದೀವಿ."

೨. ಕ್ಷೇತ್ರ

ಇಂದಿರಾನಗರದ ಮನೆಯಲ್ಲಿ ವಿಚಾರಣೆ ನಡೆಸಿದ್ದು ಹುಡುಗಿಯ ಅಜ್ಜಿ. ಕಿವಿ ಸ್ವಲ್ಪ ಮಂದ. ಗಡಿಯ ಸುದ್ದಿ ಎತ್ತಕೂಡದೆಂದು ಅಮ್ಮ ಆಟೋದಲ್ಲೇ ತಾಕೀತು ಮಾಡಿದ್ದಳು. "ಕಾಂತಕ್ಷೇತ್ರದ ಕೆಲಸ ಅಜ್ಜಿ" ಎಂದೆ.

ಅಜ್ಜಿ ಕೂತಲ್ಲೇ ಕೈಮುಗಿದರು. "ಆ ಕ್ಷೇತ್ರ ನಾನು ನೋಡಿಲ್ಲಪ್ಪ. ಅಲ್ಲಿ ಯಾವ ದೇವರು?"

"ದೇವರಲ್ಲ ಅಜ್ಜಿ, ಸೌರಮಾರುತ. ಸೂರ್ಯನಿಂದ ಬರುತ್ತೆ."

"ಮಾರುತೀನಾ? ಒಳ್ಳೇದು. ಊಟದ ವ್ಯವಸ್ಥೆ ಇದೆಯಾ ಅಲ್ಲಿ?"

ಸಂಬಂಧ ಕುದುರಿತೆಂದು ಅಮ್ಮ, ಇದೆ ಎಂದುಬಿಟ್ಟಳು. ಅಜ್ಜಿ ಮಾತ್ರ ನನ್ನನ್ನು ಕನಿಕರದಿಂದ ನೋಡಿದರು. "ಹನುಮಪ್ಪನ ಸೇವೆಗೆ ನಿಂತಿದೀಯ. ನಿಂಗ್ಯಾಕಪ್ಪ ಮದುವೆ?"

೩. ಪ್ಲಾಸ್ಮಾ

ಹಲಸೂರಿನ ಮನೆಗೆ ಹೋಗುವ ಹೊತ್ತಿಗೆ ನನ್ನ ಹಟ ಇಳಿದಿತ್ತು. ಹುಡುಗಿ ನೋಡಿದ ಕೂಡಲೇ ಇಷ್ಟವಾದಳು. ಇದೂ ಕೈತಪ್ಪಬಾರದೆಂದು, "ಪ್ಲಾಸ್ಮಾ ಮೇಲೆ ಕೆಲಸ" ಎಂದಷ್ಟೇ ಹೇಳಿದೆ. ಅವಳು ಶಿವಾಜಿನಗರದ ಆಸ್ಪತ್ರೆಯೊಂದರ ಬ್ಲಡ್ ಬ್ಯಾಂಕಿನಲ್ಲಿ ರಕ್ತದ ಪ್ಲಾಸ್ಮಾ ಬೇರ್ಪಡಿಸುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ.

"ನಂದೂ ಪ್ಲಾಸ್ಮಾನೇ" ಎಂದು ಖುಷಿಯಿಂದ ತಲೆಯೆತ್ತಿದಳು. "ನಿಮ್ದು ಯಾವ ಗ್ರೂಪು?"

"ಚಿಕ್ಕ ಗ್ರೂಪು. ಇಡೀ ಬೆಂಗಳೂರಲ್ಲಿ ಮೂರೇ ಜನ."

"ಅಷ್ಟು ರೇರಾ? ಡೋನರ್ ಯಾರು?"

ಮೂಲ ಯಾವುದೆಂದು ಕೇಳುತ್ತಿದ್ದಾಳೆ ಅಂದುಕೊಂಡೆ. "ಸೂರ್ಯ ಒಬ್ಬನೇ."

"ಒಬ್ರೇನಾ? ಎಷ್ಟ್ ದಿನಕ್ಕೊಂದ್ಸಲ ಕೊಡ್ತಾರೆ?"

"ಹಗಲು ರಾತ್ರಿ ಕೊಡ್ತಾನೇ ಇರ್ತಾನೆ. ಹೆಚ್ಚಿನ ಪಾಲು ಪಕ್ಕದಲ್ಲಿ ಹರಿದು ಹೋಗುತ್ತೆ."

"ಹರಿದು ಹೋಗೋಕೆ ಬಿಡ್ತೀರಾ? ಈಗ ಎಲ್ಲಿದಾರೆ ಅವರು?"

ನಾನು ಬೆರಳೆತ್ತಿ ಮೇಲೆ ತೋರಿಸಿದೆ.

ಅವಳ ಮುಖ ಸಣ್ಣಗಾಯಿತು. ಅವಳ ತಾಯಿ ಲೊಚಗುಟ್ಟಿದರು. "ಪಾಪ. ವಯಸ್ಸೆಷ್ಟಾಗಿತ್ತು?"

"ಸುಮಾರು ನಾನೂರೈವತ್ತು ಕೋಟಿ ವರ್ಷ."

ಮೊದಲು ನಕ್ಕಿದ್ದು ಅವಳೇ. ಆಮೇಲೆ ನಾನು ಮೊದಲಿನಿಂದ ಬಿಡಿಸಿ ಹೇಳಿದೆ. ಹೊರಗಿನ ಕಾಂತರೇಖೆ, ಒಳಗಿನ ಕಾಂತರೇಖೆ ಒಂದೇ ದಿಕ್ಕಿಗಿದ್ದರೆ ಪ್ಲಾಸ್ಮಾ ಒಳಗೆ ಬರುವುದು ಕಷ್ಟ, ಎದುರುಬದುರಾದರೆ ಮಾತ್ರ ಎರಡೂ ಕೂಡಿಕೊಂಡು ದಾರಿ ತೆರೆಯುತ್ತದೆ ಎಂದೆ.

ಅವಳು ತಂದೆಯತ್ತ ತಿರುಗಿದಳು. "ನಂಗೆ ಒಪ್ಪಿಗೆ ಅಪ್ಪಾ. ಇವರು ಹೇಳೋದೊಂದು, ನಂಗೆ ಅರ್ಥ ಆಗೋದಿನ್ನೊಂದು. ಖಂಡಿತ ಕೂಡ್ಕೊಳ್ಳುತ್ತೆ."